ಕೆಲವು ಹೆಸರುಗಳಿಗೆ ಮಾತ್ರ ಕ್ವೆರಿ ಕೈಕೊಡುತ್ತಿದೆ. ಲೆಫ್ಟ್ ಜಾಯಿನ್ ಹಾಕಿದರೂ ಸದಸ್ಯರು ಕಾಣೆಯಾಗುತ್ತಿದ್ದಾರೆ

ಪ್ರಶ್ನೆ

ನಮಸ್ಕಾರ. ನಾನು ವೆಬ್ ಪ್ರೋಗ್ರಾಮಿಂಗ್ ಕಲಿಯಲು ಆರಂಭಿಸಿ ಕೆಲವೇ ತಿಂಗಳುಗಳಾಗಿವೆ. ಅಭ್ಯಾಸಕ್ಕೆಂದು ಒಂದು ಸಣ್ಣ ಗ್ರಂಥಾಲಯದ ಲೆಕ್ಕ ಇಡುವ ತಾಣವನ್ನು ಪಿಎಚ್‌ಪಿ 7.4 ಭಾಷೆ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸಿ ಕಟ್ಟುತ್ತಿದ್ದೇನೆ. ‘ಸದಸ್ಯರು’ ಎಂಬ ಟೇಬಲ್‌ನಲ್ಲಿ ಸದಸ್ಯರ ಹೆಸರು ಮತ್ತು ಅಡ್ಡಹೆಸರು ಇಂಗ್ಲಿಷ್ ಅಕ್ಷರಗಳಲ್ಲಿವೆ. ‘ಎರವಲು’ ಎಂಬ ಟೇಬಲ್‌ನಲ್ಲಿ ಯಾರು ಯಾವ ಪುಸ್ತಕವನ್ನು ಯಾವ ದಿನ ಒಯ್ದರು ಎಂಬ ವಿವರವಿದೆ.

ಅಡ್ಡಹೆಸರು ಕೊಟ್ಟು ಹುಡುಕುವ ಪುಟವು ಹೆಚ್ಚಿನ ಹೆಸರುಗಳಿಗೆ ಸರಿಯಾಗಿ ಉತ್ತರಿಸುತ್ತದೆ. ಕೆಲವು ಹೆಸರುಗಳಿಗೆ ಮಾತ್ರ, ಫಲಿತಾಂಶವನ್ನು ಫೆಚ್ ಮಾಡುವ (ಎತ್ತಿಕೊಳ್ಳುವ) ಸಾಲಿನಲ್ಲಿ, ‘ರಿಸಲ್ಟ್ ಬೇಕಿತ್ತು, ಬೂಲಿಯನ್ (ಹೌದು-ಅಲ್ಲ ಎಂಬ ಬೆಲೆ) ಕೊಡಲಾಗಿದೆ’ ಎಂಬರ್ಥದ ಎಚ್ಚರಿಕೆ ಬಂದು ಪಟ್ಟಿ ಖಾಲಿಯಾಗುತ್ತದೆ. ಅದೇ ಕ್ವೆರಿಯನ್ನು (ಡೇಟಾಬೇಸ್‌ಗೆ ಕಳಿಸುವ ಪ್ರಶ್ನೆಯನ್ನು) ಪಿಎಚ್‌ಪಿಮೈಅಡ್ಮಿನ್ ಎಂಬ ಡೇಟಾಬೇಸ್ ನಿರ್ವಹಣಾ ಸಾಧನದಲ್ಲಿ ಹಾಕಿದರೆ ಯಾವ ತಕರಾರೂ ಇಲ್ಲದೆ ಓಡುತ್ತದೆ. ಫೆಚ್ ಸಾಲನ್ನು ಮೂರು ಬಗೆಯಲ್ಲಿ ಬದಲಿಸಿ ನೋಡಿದ್ದೇನೆ, ಪ್ರಯೋಜನವಾಗಿಲ್ಲ.

ಎರಡನೆಯದು, ಪ್ರತಿ ಸದಸ್ಯರು 2024ರಲ್ಲಿ ಎಷ್ಟು ಪುಸ್ತಕ ಒಯ್ದಿದ್ದಾರೆ ಎಂದು ತೋರಿಸುವ ಪುಟ. ಒಂದೂ ಪುಸ್ತಕ ಒಯ್ಯದವರ ಮುಂದೆ ಸೊನ್ನೆ ಬರಬೇಕೆಂದೇ, ಎರಡು ಟೇಬಲ್‌ಗಳನ್ನು ಜೋಡಿಸುವಾಗ ಜೋಡಿ ಸಿಗದ ಸಾಲನ್ನೂ ಉಳಿಸುವ ಲೆಫ್ಟ್ ಜಾಯಿನ್ ಬಳಸಿದ್ದೇನೆ. ಆದರೂ ಅವರು ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಕ್ವೆರಿ ಹೀಗಿದೆ (ಇಲ್ಲಿ ಓದಲು ಸುಲಭವಾಗಲೆಂದು ಕನ್ನಡದಲ್ಲೇ ಬರೆದಿದ್ದೇನೆ):

ಸೆಲೆಕ್ಟ್ ಸದಸ್ಯರು.ಹೆಸರು, ಕೌಂಟ್(*)
ಫ್ರಮ್ ಸದಸ್ಯರು
ಲೆಫ್ಟ್ ಜಾಯಿನ್ ಎರವಲು ಆನ್ ಎರವಲು.ಸದಸ್ಯ_ಐಡಿ = ಸದಸ್ಯರು.ಐಡಿ
ವೇರ್ ಇಯರ್(ಎರವಲು.ದಿನಾಂಕ) = 2024
ಗ್ರೂಪ್ ಬೈ ಸದಸ್ಯರು.ಐಡಿ

ಉತ್ತರ 1

ಮೊದಲ ಸಮಸ್ಯೆಯನ್ನಷ್ಟೇ ಎತ್ತಿಕೊಳ್ಳುತ್ತೇನೆ. ನಿಮಗೆ ಬರುತ್ತಿರುವ ಎಚ್ಚರಿಕೆ ತಪ್ಪು ನಡೆದ ಸಾಲನ್ನು ತೋರಿಸುತ್ತಿಲ್ಲ. ಅದರ ಮುಂದಿನ ಸಾಲನ್ನು ತೋರಿಸುತ್ತಿದೆ. ಕ್ವೆರಿ ಓಡಿಸುವ ಫಂಕ್ಷನ್ ಸೋತಾಗ ಫಲಿತಾಂಶದ ಬದಲು ‘ಫಾಲ್ಸ್’ ಎಂಬ ಬೆಲೆಯನ್ನು ಹಿಂದಿರುಗಿಸುತ್ತದೆ, ನೀವು ಅದನ್ನು ಪರೀಕ್ಷಿಸದೆ ಫೆಚ್‌ಗೆ ಒಪ್ಪಿಸುತ್ತೀರಿ, ಫೆಚ್ ‘ಇದು ಬೂಲಿಯನ್’ ಎಂದು ದೂರುತ್ತದೆ. ಹಾಗಾಗಿ ಫೆಚ್ ಸಾಲನ್ನು ಎಷ್ಟು ತಿದ್ದಿದರೂ ರೋಗ ಇರುವ ಜಾಗಕ್ಕೆ ಔಷಧ ತಲುಪುವುದಿಲ್ಲ.

ಎರಡು ಕೆಲಸ ಮಾಡಿ. ಸಂಪರ್ಕ ತೆರೆಯುವ ಸಾಲಿಗೂ ಮೊದಲು ಮೈಎಸ್‌ಕ್ಯೂಎಲ್‌ಐ (ಪಿಎಚ್‌ಪಿಯನ್ನು ಮೈಎಸ್‌ಕ್ಯೂಎಲ್‌ಗೆ ಜೋಡಿಸುವ ಸಾಧನ) ರಿಪೋರ್ಟ್ ಫಂಕ್ಷನ್‌ನಿಂದ ‘ಎರರ್’ ಮತ್ತು ‘ಸ್ಟ್ರಿಕ್ಟ್’ ಎರಡನ್ನೂ ಚಾಲೂ ಮಾಡಿ. ಆಗ ಕ್ವೆರಿ ಸೋತ ಕ್ಷಣದಲ್ಲೇ ಎಕ್ಸೆಪ್ಶನ್ (ಓಟವನ್ನು ಅಲ್ಲೇ ನಿಲ್ಲಿಸುವ ದೋಷ) ಬಂದು ಡೇಟಾಬೇಸ್ ಹೇಳಿದ ನಿಜವಾದ ಕಾರಣ ಕಾಣುತ್ತದೆ. 2021ರಲ್ಲಿ ಬಂದ ಪಿಎಚ್‌ಪಿ 8.1ರಿಂದ ಇದು ತಾನಾಗಿಯೇ ಚಾಲೂ ಇರುತ್ತದೆ, ನಿಮ್ಮ 7.4ರಲ್ಲಿ ಇಲ್ಲ. (ಅಂದ ಹಾಗೆ, 7.4ಕ್ಕೆ ಭದ್ರತಾ ತಿದ್ದುಪಡಿಗಳು ಬರುವುದು 2022ರ ನವೆಂಬರ್‌ಗೇ ನಿಂತಿದೆ. ಕಲಿಯುವವರು ಹಳೆಯದರಲ್ಲಿ ಕಲಿಯಬೇಕಾದ ಕಾರಣವೇನೂ ಇಲ್ಲ.) ಎರಡನೆಯದಾಗಿ, ಡೇಟಾಬೇಸ್‌ಗೆ ಕಳಿಸುವ ಮುನ್ನ ಕ್ವೆರಿಯ ಪೂರ್ಣ ಪಠ್ಯವನ್ನು ತೆರೆಯ ಮೇಲೆ ಅಚ್ಚುಮಾಡಿ ನೋಡಿ. ನೀವು ಬರೆದೆನೆಂದು ಭಾವಿಸಿರುವ ಕ್ವೆರಿಗೂ ವೇರಿಯಬಲ್‌ಗಳೆಲ್ಲ ಸೇರಿಕೊಂಡ ಮೇಲೆ ನಿಜವಾಗಿ ಹೊರಟ ಕ್ವೆರಿಗೂ ವ್ಯತ್ಯಾಸ ಇದ್ದೇ ಇರುತ್ತದೆ ಎಂಬುದು ನನ್ನ ಅನುಭವ. ಆ ಪಠ್ಯವನ್ನೂ ದೋಷ ಸಂದೇಶವನ್ನೂ ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಅಚ್ಚಾದದ್ದು ಹೀಗಿದೆ:

ಸೆಲೆಕ್ಟ್ * ಫ್ರಮ್ ಸದಸ್ಯರು ವೇರ್ ಅಡ್ಡಹೆಸರು = 'ಡಿ'ಸೋಜಾ'

ದೋಷದ ಸಂಖ್ಯೆ 1064. ಸಿಂಟ್ಯಾಕ್ಸ್ ತಪ್ಪಿದೆ, ‘ಸೋಜಾ'’ ಎಂಬುದರ ಹತ್ತಿರ ನೋಡಿ ಎಂದು ಹೇಳುತ್ತಿದೆ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಏಕೆ ಓಡಿತೆಂಬುದೂ ಈಗ ತಿಳಿಯಿತು. ಅಲ್ಲಿ ಕೈಯಿಂದ ಬರೆಯುವಾಗ ಅಭ್ಯಾಸಬಲದಿಂದ ಹೆಸರಿನ ಸುತ್ತ ಜೋಡಿ ಉದ್ಧರಣ ಚಿಹ್ನೆ ಹಾಕಿದ್ದೆ. ಅಂದರೆ ಅದು ಅದೇ ಕ್ವೆರಿಯೇ ಆಗಿರಲಿಲ್ಲ.

ಉತ್ತರ 2

ಹೆಸರಿನೊಳಗಿನ ಒಂಟಿ ಚಿಹ್ನೆಯನ್ನೇ ಡೇಟಾಬೇಸ್ ಪಠ್ಯದ ಮುಕ್ತಾಯವೆಂದು ತಿಳಿದಿದೆ. ‘ಡಿ’ ಎಂಬಲ್ಲಿಗೆ ಹೆಸರು ಮುಗಿಯಿತು, ಉಳಿದ ‘ಸೋಜಾ’ ಏನೆಂದು ಅದಕ್ಕೆ ಅರ್ಥವಾಗಿಲ್ಲ. ಇಂಥ ಚಿಹ್ನೆಯನ್ನು ಎಸ್ಕೇಪ್ ಮಾಡುವ, ಅಂದರೆ ಬರಿಯ ಪಠ್ಯವೆಂದು ಗುರುತುಮಾಡುವ, ರಿಯಲ್ ಎಸ್ಕೇಪ್ ಸ್ಟ್ರಿಂಗ್ ಫಂಕ್ಷನ್ ಮೂಲಕ ಹೆಸರನ್ನು ಹಾಯಿಸಿ, ಸರಿಹೋಗುತ್ತದೆ.

ಉತ್ತರ 1

ಸರಿಹೋಗುತ್ತದೆ ನಿಜ, ಆದರೆ ಹೊಸಬರಿಗೆ ಆ ದಾರಿಯನ್ನು ನಾನು ತೋರಿಸಲಾರೆ. ಎಸ್ಕೇಪ್ ಮಾಡುವುದು ಉದ್ಧರಣ ಚಿಹ್ನೆಗಳ ಒಳಗಿರುವ ಪಠ್ಯಕ್ಕೆ ಮಾತ್ರ ರಕ್ಷಣೆ. ನಾಳೆ ‘ಐಡಿ =’ ಎಂದು ಬರೆದು ಅದರ ಮುಂದೆ, ಸಂಖ್ಯೆ ತಾನೇ ಎಂದು ಚಿಹ್ನೆಯಿಲ್ಲದೆ ವೇರಿಯಬಲ್ ಇಟ್ಟರೆ, ಯಾರಾದರೂ ‘5 ಆರ್ 1=1’ ಎಂದು ಕಳಿಸಬಹುದು; ಅದರಲ್ಲಿ ಎಸ್ಕೇಪ್ ಮಾಡಲು ಒಂದು ಚಿಹ್ನೆಯೂ ಇಲ್ಲ, ಟೇಬಲ್‌ನ ಅಷ್ಟೂ ಸಾಲುಗಳು ಹೊರಬರುತ್ತವೆ. ಇಂದು ಡಿ'ಸೋಜಾ ಅವರ ಹೆಸರಿಗೆ ಮುರಿದ ಕ್ವೆರಿ, ಕೇಡು ಬಗೆಯುವವನ ಪಾಲಿಗೆ ತೆರೆದ ಬಾಗಿಲು ಎಂಬುದನ್ನು ಪ್ರಶ್ನೆ ಕೇಳಿದವರು ಗಮನಿಸಬೇಕು. ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುವುದು ಇದನ್ನೇ.

ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ. ಕ್ವೆರಿಯಲ್ಲಿ ‘ಅಡ್ಡಹೆಸರು = ?’ ಎಂದಷ್ಟೇ ಬರೆದು ಪ್ರಿಪೇರ್ ಮಾಡಿ, ಬೆಲೆಯನ್ನು ಆ ಪ್ರಶ್ನಾರ್ಥಕ ಚಿಹ್ನೆಯ ಜಾಗಕ್ಕೆ ಬೈಂಡ್ ಮಾಡಿ (ಕಟ್ಟಿ), ಎಕ್ಸಿಕ್ಯೂಟ್ ಮಾಡಿ (ಓಡಿಸಿ). ಕ್ವೆರಿಯ ಪಠ್ಯವೂ ಬೆಲೆಯೂ ಬೇರೆ ಬೇರೆಯಾಗಿ ಹೋಗುವುದರಿಂದ ಹೆಸರಿನಲ್ಲಿ ಏನೇ ಇದ್ದರೂ ಅದು ಆಜ್ಞೆಯಾಗುವುದಿಲ್ಲ. ಇಲ್ಲಿ ಆರಂಭಿಕರು ಎಡವುವ ಜಾಗಗಳು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನಾನೂ ಅಲ್ಲೇ ಎಡವಿದವನು. ಪ್ರಶ್ನಾರ್ಥಕ ಚಿಹ್ನೆಯ ಸುತ್ತ ಉದ್ಧರಣ ಹಾಕಬಾರದು. ಹಾಕಿದರೆ ಅದು ಬರಿಯ ಪ್ರಶ್ನಾರ್ಥಕ ಚಿಹ್ನೆಯೆಂಬ ಪಠ್ಯವಾಗಿಬಿಡುತ್ತದೆ ಮತ್ತು ಬೈಂಡ್ ಮಾಡುವಾಗ ಲೆಕ್ಕ ತಪ್ಪಿದೆ ಎಂಬ ದೋಷ ಬರುತ್ತದೆ. ಹೆಸರಿನ ಒಂದು ಭಾಗ ಕೊಟ್ಟು ಹುಡುಕಲು ಲೈಕ್ ಬಳಸುವಾಗ ಶೇಕಡಾ ಚಿಹ್ನೆಯನ್ನು ಕ್ವೆರಿಗೆ ಸೇರಿಸದೆ ಬೈಂಡ್ ಮಾಡುವ ಬೆಲೆಗೇ ಸೇರಿಸಬೇಕು. ಟೇಬಲ್ ಅಥವಾ ಕಾಲಮ್‌ನ ಹೆಸರನ್ನು ಹೀಗೆ ಬೈಂಡ್ ಮಾಡಲಾಗದು. ಯಾವ ಕಾಲಮ್ ಪ್ರಕಾರ ವಿಂಗಡಿಸಬೇಕೆಂಬುದನ್ನು ಬಳಕೆದಾರರು ಆರಿಸುವಂತಿದ್ದರೆ, ನೀವೇ ಬರೆದಿಟ್ಟ ಹೆಸರುಗಳ ಪಟ್ಟಿಯಲ್ಲಿ ಅದು ಇದೆಯೇ ಎಂದು ಮೊದಲು ನೋಡಿಕೊಳ್ಳಿ.

1064ರ ಬಗ್ಗೆಯೂ ಒಂದು ಮಾತು. ‘ಹತ್ತಿರ’ ಎಂದು ಅದು ತೋರಿಸುವ ತುಣುಕು ಡೇಟಾಬೇಸ್ ಓದಲಾಗದೆ ನಿಂತ ಜಾಗದಿಂದ ಆರಂಭವಾಗುತ್ತದೆ. ತಪ್ಪು ಸಾಮಾನ್ಯವಾಗಿ ಅದಕ್ಕೆ ತುಸು ಹಿಂದೆ ಇರುತ್ತದೆ: ಬಿಟ್ಟುಹೋದ ಅಲ್ಪವಿರಾಮ, ಮುಚ್ಚದ ಆವರಣ, ಇಲ್ಲವೇ ‘ಆರ್ಡರ್’, ‘ಗ್ರೂಪ್’, ‘ಕೀ’ಯಂತಹ ಮೀಸಲು ಪದವನ್ನೇ ಕಾಲಮ್‌ಗೆ ಹೆಸರಾಗಿ ಇಟ್ಟಿರುವುದು. ಮೈಎಸ್‌ಕ್ಯೂಎಲ್ 8ರಲ್ಲಿ ‘ರ‍್ಯಾಂಕ್’ ಕೂಡ ಮೀಸಲು ಪದವಾಯಿತು, ಆದ್ದರಿಂದ 5.7ರಲ್ಲಿ ಸುಮ್ಮನೆ ಓಡುತ್ತಿದ್ದ ಕ್ವೆರಿಗಳು ಆವೃತ್ತಿ ಬದಲಿಸಿದ ದಿನ ಮುರಿದದ್ದುಂಟು. ಅಂಥ ಹೆಸರನ್ನು ಬದಲಿಸುವುದೇ ಒಳ್ಳೆಯದು. ಆಗದಿದ್ದರೆ ಬ್ಯಾಕ್‌ಟಿಕ್‌ಗಳ (`) ನಡುವೆ ಇಡಿ.

ಕೊನೆಯದಾಗಿ, ದೋಷ ಸಂದೇಶವನ್ನು ತೆರೆಯ ಮೇಲೆ ತೋರಿಸುವುದು ನಿಮ್ಮ ಯಂತ್ರದಲ್ಲಿ ಮಾತ್ರ. ತಾಣ ಸಾರ್ವಜನಿಕವಾದ ಮೇಲೆ ಅದು ಲಾಗ್ ಫೈಲ್‌ಗೆ ಹೋಗಬೇಕು.

ಉತ್ತರ 3

ಲೆಫ್ಟ್ ಜಾಯಿನ್ ವಿಷಯಕ್ಕೆ ಬರುತ್ತೇನೆ. ಒಂದೂ ಪುಸ್ತಕ ಒಯ್ಯದ ಸದಸ್ಯರನ್ನು ಲೆಫ್ಟ್ ಜಾಯಿನ್ ಉಳಿಸಿಕೊಳ್ಳುತ್ತದೆ, ಅವರ ಸಾಲಿನಲ್ಲಿ ‘ಎರವಲು’ ಟೇಬಲ್‌ನ ಕಾಲಮ್‌ಗಳಿಗೆಲ್ಲ ನಲ್ (ಬೆಲೆಯೇ ಇಲ್ಲ ಎಂಬ ಗುರುತು) ತುಂಬುತ್ತದೆ. ಅದಾದ ಮೇಲೆ ನಿಮ್ಮ ವೇರ್ ಬಂದು ಆ ದಿನಾಂಕದ ವರ್ಷ 2024 ಹೌದೇ ಎಂದು ಕೇಳುತ್ತದೆ. ನಲ್‌ನ ವರ್ಷವೂ ನಲ್. ನಲ್ ಅನ್ನು ಯಾವುದರೊಡನೆ ಹೋಲಿಸಿದರೂ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ವೇರ್ ‘ಹೌದು’ ಎಂದ ಸಾಲುಗಳನ್ನಷ್ಟೇ ಬಿಡುತ್ತದೆ. ಹೀಗೆ ಲೆಫ್ಟ್ ಜಾಯಿನ್ ಕಷ್ಟಪಟ್ಟು ಉಳಿಸಿದವರನ್ನು ನೀವೇ ಮುಂದಿನ ಸಾಲಿನಲ್ಲಿ ಹೊರಗೆ ಹಾಕುತ್ತಿದ್ದೀರಿ. 2023ರಲ್ಲಿ ಮಾತ್ರ ಪುಸ್ತಕ ಒಯ್ದವರೂ ಇದೇ ಬಾಗಿಲಿನಿಂದ ಹೊರಗೆ ಹೋಗಿರುತ್ತಾರೆ, ನೋಡಿ.

ವರ್ಷದ ಷರತ್ತನ್ನು ವೇರ್‌ನಿಂದ ತೆಗೆದು, ಆನ್‌ನ ಮುಂದೆ ‘ಆ್ಯಂಡ್’ ಸೇರಿಸಿ ಅಲ್ಲಿ ಇಡಿ. ಆಗ ಅದು ‘ಯಾವ ಎರವಲನ್ನು ಜೋಡಿಸಬೇಕು’ ಎಂಬುದನ್ನು ಮಾತ್ರ ನಿರ್ಧರಿಸುತ್ತದೆ, ‘ಯಾವ ಸದಸ್ಯರು ಉಳಿಯಬೇಕು’ ಎಂಬುದನ್ನಲ್ಲ. ಇಷ್ಟು ಮಾಡಿದ ತಕ್ಷಣ ಇನ್ನೊಂದು ತಪ್ಪು ಹೊರಬರುತ್ತದೆ: ಒಯ್ಯದವರ ಮುಂದೆ ಸೊನ್ನೆಯ ಬದಲು 1 ಕಾಣುತ್ತದೆ. ಕೌಂಟ್(*) ಸಾಲುಗಳನ್ನು ಎಣಿಸುವುದರಿಂದ ನಲ್ ತುಂಬಿದ ಆ ಒಂದು ಸಾಲೂ ಲೆಕ್ಕಕ್ಕೆ ಬರುತ್ತದೆ. ಕೌಂಟ್(ಎರವಲು.ಐಡಿ) ಎಂದು ಬರೆಯಿರಿ, ಕಾಲಮ್ ಹೆಸರಿಸಿದಾಗ ನಲ್‌ಗಳನ್ನು ಅದು ಎಣಿಸುವುದಿಲ್ಲ.

ಇಯರ್ ಫಂಕ್ಷನ್ ಬಳಸಿರುವುದೂ ನನಗೆ ಸರಿಕಾಣಲಿಲ್ಲ. ದಿನಾಂಕಕ್ಕೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇದ್ದರೂ ಅದನ್ನು ಫಂಕ್ಷನ್‌ನೊಳಗೆ ಸುತ್ತಿದಾಗ ಡೇಟಾಬೇಸ್ ಆ ಇಂಡೆಕ್ಸ್‌ನಲ್ಲಿ ವರ್ಷವನ್ನು ಹುಡುಕಲಾರದು. ‘2024-01-01ರಿಂದ ಮೇಲೆ ಮತ್ತು 2025-01-01ಕ್ಕಿಂತ ಕಡಿಮೆ’ ಎಂದು ಎರಡು ಷರತ್ತುಗಳಾಗಿ ಬರೆಯಿರಿ. ಬಿಟ್ವೀನ್ ಬಳಸಿ 2024-12-31 ಎಂದು ಮುಗಿಸಿದರೆ, ಕಾಲಮ್ ಡೇಟ್‌ಟೈಮ್ (ದಿನದ ಜೊತೆ ಸಮಯವನ್ನೂ ಇಡುವಂಥದ್ದು) ಆಗಿದ್ದಲ್ಲಿ, ಕೊನೆಯ ದಿನ ಆರಂಭವಾಗುವ ಮಧ್ಯರಾತ್ರಿಯ ನಂತರದ ಎರವಲುಗಳೆಲ್ಲ ತಪ್ಪಿಹೋಗುತ್ತವೆ. ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್’ ಎಂಬ ಪದ ಸೇರಿಸಿ ಓಡಿಸಿ ನೋಡಿ. ‘ಟೈಪ್’ ಕಾಲಮ್‌ನಲ್ಲಿ ‘ಆಲ್’ ಎಂದು ಬಂದರೆ ಟೇಬಲ್ ಅನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದೆ ಎಂದರ್ಥ. ನೂರು ಸಾಲುಗಳ ಟೇಬಲ್‌ಗೆ ಅದರಿಂದ ಏನೂ ತೊಂದರೆಯಿಲ್ಲ, ಲಕ್ಷ ಸಾಲುಗಳಾದಾಗ ಪುಟ ತೆವಳುತ್ತದೆ.

ಪ್ರಶ್ನೆ ಕೇಳಿದವರು

ಎರಡನೆಯ ಪುಟ ಈಗ ಸರಿಯಾಗಿದೆ, ಸೊನ್ನೆಗಳು ಸೊನ್ನೆಗಳಾಗಿಯೇ ಬರುತ್ತಿವೆ. ಹುಡುಕಾಟಕ್ಕೂ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಹಾಕಿದೆ, ದೋಷ ಮಾಯವಾಯಿತು. ಆದರೆ ಟೇಬಲ್‌ನಲ್ಲಿ ಆ ಅಡ್ಡಹೆಸರಿನ ಇಬ್ಬರಿದ್ದಾರೆ, ಒಬ್ಬರು ಮಾತ್ರ ಸಿಗುತ್ತಾರೆ. ಕಣ್ಣಿಗೆ ಎರಡೂ ಹೆಸರು ಒಂದೇ ತೆರನಾಗಿವೆ. ಅಕ್ಕಪಕ್ಕದ ಖಾಲಿ ಜಾಗ ತೆಗೆಯಲು ಟ್ರಿಮ್ ಮಾಡಿಯೂ ನೋಡಿದೆ.

ಉತ್ತರ 1

ಎರಡೂ ಸಾಲುಗಳಿಗೆ ಲೆಂಗ್ತ್, ಕ್ಯಾರೆಕ್ಟರ್ ಲೆಂಗ್ತ್ ಮತ್ತು ಹೆಕ್ಸ್ ಫಂಕ್ಷನ್‌ಗಳನ್ನು ಹಾಕಿ ನೋಡಿ. ಮೊದಲನೆಯದು ಬೈಟ್‌ಗಳನ್ನು, ಎರಡನೆಯದು ಅಕ್ಷರಗಳನ್ನು ಎಣಿಸುತ್ತದೆ. ಮೂರನೆಯದು ಪ್ರತಿ ಬೈಟ್‌ನ ಸಂಕೇತವನ್ನು ತೋರಿಸುತ್ತದೆ.

ಪ್ರಶ್ನೆ ಕೇಳಿದವರು

ಸಿಗುವ ಹೆಸರಿಗೆ (ಇಂಗ್ಲಿಷ್ ಅಕ್ಷರಗಳಲ್ಲಿ D'Souza) 7 ಅಕ್ಷರ, 7 ಬೈಟ್. ಸಿಗದ ಹೆಸರಿಗೆ 7 ಅಕ್ಷರ, 9 ಬೈಟ್. ಮೊದಲನೆಯದರಲ್ಲಿ 27 ಇರುವ ಸ್ಥಾನದಲ್ಲಿ ಎರಡನೆಯದರಲ್ಲಿ ಇ2 80 99 ಎಂದಿದೆ.

ಉತ್ತರ 1

27 ಎಂಬುದು ಕೀಲಿಮಣೆಯ ನೇರ ಒಂಟಿ ಚಿಹ್ನೆ. ಇನ್ನೊಂದು ಬಾಗಿದ ಉದ್ಧರಣ ಚಿಹ್ನೆ, ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಅದಕ್ಕೆ ಮೂರು ಬೈಟ್ ಬೇಕು. ಆ ಹೆಸರನ್ನು ಯಾವುದೋ ವರ್ಡ್ ಪ್ರೊಸೆಸರ್‌ನಿಂದ ನಕಲು ಮಾಡಿ ಅಂಟಿಸಿರಬೇಕು. ಅವು ನೇರ ಚಿಹ್ನೆಯನ್ನು ತಾವಾಗಿಯೇ ಬಾಗಿಸುತ್ತವೆ. ಆ ಸಾಲನ್ನು ಅಪ್‌ಡೇಟ್ ಮಾಡಿ, ಹೆಸರು ಸೇರಿಸುವ ಫಾರ್ಮ್‌ನಲ್ಲಿ ಬಾಗಿದ ಚಿಹ್ನೆಯನ್ನು ನೇರವಾಗಿಸಿಯೇ ಉಳಿಸುವಂತೆ ಒಂದು ಸಾಲು ಬರೆಯಿರಿ. ಹುಡುಕುವ ಪದಕ್ಕೂ ಅದೇ ಸಾಲನ್ನು ಅನ್ವಯಿಸಿ. ಅಪ್‌ಡೇಟ್ ಓಡಿಸುವ ಮುನ್ನ ಅದೇ ವೇರ್ ಇಟ್ಟುಕೊಂಡು ಒಂದು ಸೆಲೆಕ್ಟ್ ಓಡಿಸಿ, ಒಂದೇ ಸಾಲು ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಸೆಲೆಕ್ಟ್‌ಗೆ ಒಂದರ ಬದಲು ನಾಲ್ಕು ಸಾಲುಗಳು ಬಂದವು. ಬಾಗಿದ ಚಿಹ್ನೆಯಿದ್ದ ಇನ್ನೂ ಮೂರು ಹೆಸರುಗಳು ಟೇಬಲ್‌ನಲ್ಲಿದ್ದವು. ನಾಲ್ಕನ್ನೂ ಸರಿಪಡಿಸಿದ್ದೇನೆ. ಈಗ ಇಬ್ಬರೂ ಸಿಗುತ್ತಿದ್ದಾರೆ.