ದಾಲ್ ಮಿಲ್ ಮಷೀನ್‌ಗಳ ಮ್ಯಾಲ ದೂರದಿಂದ ಕಣ್ಣಿಡೋದು: ಹಾಕಿಸಿದವರು ಅನುಭವ ಹೇಳ್ರಿ

ಪ್ರಶ್ನೆ: ಮಿಲ್ ಮಾಲೀಕರು, ಕಪನೂರು, ಕಲಬುರಗಿ

ನಮ್ಮದು ತೊಗರಿ ಬೇಳಿ ಮಿಲ್ ಅದ. ಕ್ಲೀನರ್, ರೋಲರ್, ಡ್ರೈಯರ್, ಕಾಳನ್ನ ಬಕೆಟ್‌ದಾಗ ಮ್ಯಾಲ ಒಯ್ಯೋ ಎಲಿವೇಟರ್‌ಗಳು, ಬಣ್ಣ ನೋಡಿ ಕಾಳು ಬ್ಯಾರೆ ಮಾಡೋ ಸಾರ್ಟೆಕ್ಸ್, ಅದಕ್ಕ ಗಾಳಿ ಕೊಡೋ ಒಂದು ಸ್ಕ್ರೂ ಕಂಪ್ರೆಸರ್. ಹೊಸಾ ತೊಗರಿ ಬಂದ ಮ್ಯಾಲ ರಾತ್ರಿ ಪಾಳಿನೂ ನಡೀತದ. ಹ್ವಾದ ಸೀಸನ್‌ದಾಗ ಒಂದು ಎಲಿವೇಟರಿನ ಮ್ಯಾಲಿನ ಬೇರಿಂಗ್ ರಾತ್ರ್ಯಾಗ ಜಾಮ್ ಆಯ್ತು. ಬೆಲ್ಟ್ ಸುಟ್ಟ ವಾಸನಿ ಬರೋತನಕ ಯಾರಿಗೂ ಗೊತ್ತಾಗ್ಲಿಲ್ಲ. ಈಗ ಒಂದು ಕಂಪನಿಯವರು ಬಂದು, ಎಲ್ಲಾ ಮಷೀನಿಗಿ ಸೆನ್ಸರ್ ಕೂಡಿಸಿ ಕ್ಲೌಡ್‌ದಾಗ (ಇಂಟರ್ನೆಟ್ಟಿನ ಸರ್ವರಿನಾಗ) ಎಲ್ಲಾ ಅಂಕಿ ಒಂದೇ ತೆರಿ ಮ್ಯಾಲ ತೋರಿಸೋ ಡ್ಯಾಶ್‌ಬೋರ್ಡ್ ಕೊಡ್ತೀವಿ, ವರ್ಷಕ್ಕಿಷ್ಟು ಬಾಡಿಗಿ ಅಂತಾರ. ತಗೋಬೇಕೋ ಬ್ಯಾಡೋ? ಎಲ್ಲಿಂದ ಶುರು ಮಾಡಬೇಕು? ಹಾಕಿಸಿ ನೋಡಿದವರು ಹೇಳ್ರಿ.

ಉತ್ತರ: ಎಲೆಕ್ಟ್ರಿಕಲ್ ಪ್ಯಾನಲ್ ಕೆಲಸದವರು, ನಂದೂರು-ಕೆಸರಟಗಿ ಇಂಡಸ್ಟ್ರಿಯಲ್ ಏರಿಯಾ

ಹಾಕಿಸ್ರಿ ಅಣ್ಣಾ, ಆದ್ರ ಎಲ್ಲಾ ಮಷೀನಿಗಿ ಒಮ್ಮಿಗೇ ಬ್ಯಾಡ. ಮೊದಲು ಒಂದು ಹಾಳಿ ಮ್ಯಾಲ ಬರೀರಿ: ಈ ಅಲಾರಂ ಬಂದ್ರ ಯಾರ ಫೋನಿಗಿ ಹೋಗ್ತದ, ಅವ ಎದ್ದು ಏನ್ ಮಾಡ್ತಾನ, ಎಷ್ಟು ನಿಮಿಷದಾಗ ಮಾಡಬೇಕು. ಈ ಮೂರಕ್ಕ ಉತ್ತರ ಇರಲಾರದ ಸೆನ್ಸರಿಗಿ ರೊಕ್ಕ ಹಾಕಬ್ಯಾಡ್ರಿ. ಆಫೀಸಿನ ಗ್ವಾಡಿ ಮ್ಯಾಲ ಟಿವಿ ಹಚ್ಚಿ ಡ್ಯಾಶ್‌ಬೋರ್ಡ್ ಬಿಟ್ಟಿರೋ ಮಿಲ್‌ಗಳು ನಾ ಭಾಳ ನೋಡೀನಿ. ರಾತ್ರಿ ಎರಡಕ್ಕ ಆ ಆಫೀಸಿಗಿ ಬೀಗ ಇರ್ತದ.

ನಿಮ್ಮ ಎಲಿವೇಟರಿಂದೇ ಶುರು ಮಾಡೋಣ, ಅದೇ ಎಲ್ಲಕ್ಕಿಂತ ದೊಡ್ಡ ವಿಷಯ. ಬೇರಿಂಗ್ ಹಿಡಕೊಂಡಾಗ, ಇಲ್ಲಾ ಎಲಿವೇಟರಿನ ಕೆಳತುದಿಯ ಬೂಟ್‌ದಾಗ ಕಾಳು ತುಂಬಿ ಬಕೆಟ್ ಸಿಕ್ಕಾಗ, ಬೆಲ್ಟ್ ಪುಲ್ಲಿ ಮ್ಯಾಲ ಜಾರ್ತದ, ಮೋಟಾರ್ ತಿರುಗ್ತಾನೇ ಇರ್ತದ. ಕರೆಂಟ್ ಓವರ್‌ಲೋಡ್ ರಿಲೇ ಬೀಳುವಷ್ಟು ಏರಲಿಕ್ಕೇ ಬೇಕಂತಿಲ್ಲ, ಅದಕ್ಕೇ ಸ್ಟಾರ್ಟರ್ ಸುಮ್ನಿರ್ತದ. ತಿಕ್ಕಾಟಕ್ಕ ಪುಲ್ಲಿ ಕಾಯ್ತದ, ಒಳಗ ಬೇಳಿ ಧೂಳು ಹಾರಾಡ್ತಿರ್ತದ. ಬೆಲ್ಟ್ ಸುಡೋದು ಒಂದೇ ಅಲ್ಲ, ಧೂಳು ಸ್ಫೋಟ ಆಗೋದಕ್ಕೂ ದಾರಿ ಅದೇ.

ಅದಕ್ಕ ಕೆಳಗಿನ ಬೂಟ್ ಪುಲ್ಲಿ ಶಾಫ್ಟಿಗಿ ಒಂದು ಬೋಲ್ಟ್ ಕೂಡಿಸಿ, ಎದುರಿಗಿ ಲೋಹ ಹತ್ರ ಬಂದದ್ದು ಗುರುತಿಸೋ ಪ್ರಾಕ್ಸಿಮಿಟಿ ಸೆನ್ಸರ್ ಇಡ್ರಿ. ಸುತ್ತಿಗೊಂದು ಪಲ್ಸ್ ಬರ್ತದ. ಮ್ಯಾಲಿನ ಪುಲ್ಲಿ ಮೋಟಾರಿನ ಜೋಡಿ ತಿರುಗ್ತದ, ಅಲ್ಲಿ ಹಾಕಿದ್ರ ಬೆಲ್ಟ್ ಜಾರಿದ್ದು ಕಾಣಂಗಿಲ್ಲ, ಕೆಳಗೇ ಹಾಕ್ರಿ. ಧಾನ್ಯದ ಎಲಿವೇಟರ್‌ಗಳ ಬಗ್ಗೆ ಅಮೆರಿಕದ ಸುರಕ್ಷತಾ ನಿಯಮ ಒಂದದ: ಬೆಲ್ಟಿನ ವೇಗ ಮಾಮೂಲಿಗಿಂತ ಶೇ 20 ಇಳಿಯೋದರೊಳಗ ಎಲಿವೇಟರ್ ಬಂದ್ ಆಗಬೇಕು. ಅದೇ ಅಳತಿ ಇಟ್ಕೊಳ್ರಿ: ಶೇ 10 ಇಳಿದ್ರ ಫೋನ್, 20ಕ್ಕ ಮೋಟಾರ್ ಬಂದ್. ಆ ಬಂದ್ ಮಾಡೋ ವಯರ್ ನೇರ ಸ್ಟಾರ್ಟರಿನ ಕಂಟ್ರೋಲ್ ಸರ್ಕ್ಯೂಟಿಗೇ ಹೋಗಬೇಕು. ಕ್ಲೌಡಿಗಿ ಹೋಗಿ ಅಲ್ಲಿಂದ ಹುಕುಂ ಬಂದು ಮೋಟಾರ್ ನಿಲ್ತದ ಅಂತ ಯಾರರೆ ಹೇಳಿದ್ರ ಒಪ್ಪಬ್ಯಾಡ್ರಿ. ನೆಟ್‌ವರ್ಕ್ ಇಲ್ಲದಾಗೂ ಎಲಿವೇಟರ್ ತಾನೇ ನಿಲ್ಲಬೇಕು. ಕ್ಲೌಡಿಗಿ ಹೋಗೋದು ಸುದ್ದಿ ಅಷ್ಟೇ.

ಬೇರಿಂಗಿಗಿ ಪಿಟಿ100 (ಬಿಸಿ ಅಳೆಯೋ ಸೆನ್ಸರ್) ಸಾಕು. ಆದ್ರ ‘70 ಡಿಗ್ರಿ ದಾಟಿದ್ರ ಅಲಾರಂ’ ಅಂತ ಒಂದೇ ಗೆರಿ ಹಾಕಿದ್ರ ನಮ್ಮ ಊರಾಗ ನಡಿಯಂಗಿಲ್ಲ. ಮೇ ತಿಂಗಳ ಮಧ್ಯಾಹ್ನ ಹೊರಗೇ 42–43 ಇರ್ತದ, ತಗಡಿನ ಪತ್ರಾಸಿನ ಕೆಳಗ ಇನ್ನೂ ಜಾಸ್ತಿ. ಡಿಸೆಂಬರ್ ರಾತ್ರ್ಯಾಗ ಥಂಡಿ. ಶೆಡ್ಡಿನ ಗಾಳಿದು ಒಂದು ಸೆನ್ಸರ್ ಹಾಕಿ, ಬೇರಿಂಗ್ ಅದಕ್ಕಿಂತ ಎಷ್ಟು ಬಿಸಿ ಅದ ಅನ್ನೋ ವ್ಯತ್ಯಾಸದ ಮ್ಯಾಲ ಅಲಾರಂ ಇಡ್ರಿ. ಒಂದು ವಾರ ಸುಮ್ಮ ಓಡಿಸಿ ಮಾಮೂಲಿ ವ್ಯತ್ಯಾಸ ಎಷ್ಟಂತ ನೋಡ್ರಿ, ಆಮ್ಯಾಲ ಗೆರಿ ಹಾಕ್ರಿ.

ವೈಬ್ರೇಶನ್ ಸೆನ್ಸರ್ ಬಗ್ಗೆ ಭಾಳ ಹೇಳ್ತಾರ. ಮಷೀನ್ ಕಂಪನದ ಹಳೇ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10816 (ಈಗ ಅದರ ಜಾಗಕ್ಕ ಐಎಸ್‌ಒ 20816 ಬಂದದ) ಪ್ರಕಾರ 15ರಿಂದ 75 ಕಿಲೋವ್ಯಾಟ್ ಮೋಟಾರಿನ ಕಂಪನ ಸೆಕೆಂಡಿಗೆ 2.8 ಮಿ.ಮೀ. ಒಳಗಿದ್ರ ಚಲೋ, 7.1 ದಾಟಿದ್ರ ಅಪಾಯ. ನಿಮ್ಮ ಜರಡಿ, ಗ್ರೇಡರ್ ಅಲ್ಲಾಡೋದಕ್ಕೇ ಇರೋ ಮಷೀನು, ಅವಕ್ಕ ಇದು ಏನೂ ಹೇಳಂಗಿಲ್ಲ. ರೋಲರಿನ ದೊಡ್ಡ ಮೋಟಾರಿಗಿ, ಕಂಪ್ರೆಸರಿಗಿ ಮುಂದ ನೋಡ್ರಿ, ಈಗ ಬ್ಯಾಡ.

ಈಗಾಗಲೇ ಇರೋದನ್ನ ಮೊದಲು ಬಳಸ್ರಿ. ಪ್ಯಾನಲ್ ಬಾಗಲಿನ ಡಿಜಿಟಲ್ ಮೀಟರಿನಾಗ ಬಹಳಷ್ಟಕ್ಕ ಆರ್‌ಎಸ್-485 ಪೋರ್ಟ್ (ವಯರಿನ ಮ್ಯಾಲ ಅಂಕಿ ಹೊರಗ ಕಳಿಸೋ ಜಾಗ) ಇರ್ತದ. ಫೇಸ್ ವೋಲ್ಟೇಜ್, ಆಂಪಿಯರ್, ಕಿಲೋವ್ಯಾಟ್, ಪವರ್ ಫ್ಯಾಕ್ಟರ್ (ತಗೊಂಡ ಕರೆಂಟಿನಾಗ ಕೆಲಸಕ್ಕ ಬಂದ ಪಾಲು) ಎಲ್ಲಾ ಅದರಾಗೇ ಸಿಗ್ತದ, ಹೊಸಾ ಸೆನ್ಸರ್ ಖರ್ಚೇ ಇಲ್ಲ. ರೋಲರ್ ಖಾಲಿ ತಿರುಗ್ತದೋ, ಕಾಳು ಬೀಳ್ತದೋ ಅನ್ನೋದು ಆಂಪಿಯರ್ ನೋಡಿದ್ರೇ ಗೊತ್ತಾಗ್ತದ.

ಕೇಬಲ್ ಎಳೆಯುವಾಗ ನಿಂತು ನೋಡ್ರಿ. ಒಂದಕ್ಕೊಂದು ಹೊಸೆದ ಶೀಲ್ಡ್ ಜೋಡಿ ವಯರ್, ಒಂದು ಮೀಟರಿಂದ ಮುಂದಿನ ಮೀಟರಿಗಿ ಸಾಲಾಗಿ ಹೋಗಬೇಕು. ಒಂದು ಕಡಿಯಿಂದ ನಾಲ್ಕು ದಿಕ್ಕಿಗಿ ಎಳೆಯಬಾರದು. ಎರಡೂ ತುದಿಗಿ 120 ಓಮ್ ರೆಸಿಸ್ಟರ್. ಮೋಟಾರಿನ ವೇಗ ಬದಲಿಸೋ ವಿಎಫ್‌ಡಿಯಿಂದ ಮೋಟಾರಿಗಿ ಹೋಗೋ ಕೇಬಲಿನ ಜೋಡಿ ಒಂದೇ ಟ್ರೇದಾಗ ಹಾಕಿದ್ರ ಅಂಕಿ ಕೆಡ್ತಾವ. ಪ್ರತಿ ಮೀಟರಿಗಿ ಬ್ಯಾರೆ ಬ್ಯಾರೆ ಅಡ್ರೆಸ್ ಇರಬೇಕು, 1ರಿಂದ 247ರ ಒಳಗ. ಎಲ್ಲಾ ಆದ ಮ್ಯಾಲ ಮೊಬೈಲಿನ ಅಂಕಿ, ಮೀಟರಿನ ಅಂಕಿ ಎದುರುಬದುರು ಇಟ್ಟು ನೋಡ್ರಿ. ಬೈಟ್ ಹಿಂದಮುಂದ ಓದಿದ್ರ 230 ವೋಲ್ಟ್ ಇದ್ದಲ್ಲಿ ಕೋಟಿಗಟ್ಟಲೆ ತೋರಿಸ್ತದ, ಅದು ಮೀಟರ್ ಕೆಟ್ಟಿದ್ದಲ್ಲ. ಸಿಟಿ (ಕರೆಂಟ್ ಅಳೆಯೋ ಟ್ರಾನ್ಸ್‌ಫಾರ್ಮರ್) ಹಾಕೋರಿಗಿ ಒಂದು ಮಾತು: ಮೋಟಾರ್ ಓಡುವಾಗ ಸಿಟಿಯ ಸೆಕೆಂಡರಿ ವಯರ್ ಬಿಚ್ಚಬಾರದು, ಜೀವ ತೆಗಿಯೋವಷ್ಟು ವೋಲ್ಟೇಜ್ ಬರ್ತದ.

ಉತ್ತರ: ಕಾರ್ಖಾನೆ ಇನ್‌ಸ್ಟ್ರುಮೆಂಟೇಶನ್ ವಿಭಾಗದವರು, ಹುಮನಾಬಾದ್, ಬೀದರ್

ಮೇಲಿನವರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ ಇದೆ. ನಾನು ಬಾಡಿಗೆಯ ಬಗ್ಗೆ ಹೇಳ್ತೀನಿ. ಕರಾರಿಗೆ ಸಹಿ ಹಾಕೋ ಮುಂಚೆ ಕೇಳಿ: ನಾವು ಬಾಡಿಗೆ ನಿಲ್ಲಿಸಿದರೆ, ಸೆನ್ಸರ್ ಅಂಕಿ ಇಂಟರ್ನೆಟ್‌ಗೆ ಕಳಿಸೋ ನಿಮ್ಮ ಪೆಟ್ಟಿಗೆ ಬೇರೆ ಸರ್ವರ್‌ಗೆ ಡೇಟಾ ಕಳಿಸುತ್ತಾ? ಹಳೆ ಡೇಟಾ ಎಕ್ಸೆಲ್‌ನಲ್ಲಿ ತೆಗೆದುಕೊಳ್ಳೋಕೆ ಆಗುತ್ತಾ? ಪೆಟ್ಟಿಗೆಯ ಪಾಸ್‌ವರ್ಡ್ ನಮ್ಮ ಕೈಲಿರುತ್ತಾ? ಮೂರಕ್ಕೂ ಹೌದು ಅಂತ ಕಾಗದದ ಮೇಲೆ ಬರೆದುಕೊಡಲಿ. ಸಣ್ಣ ಕಂಪನಿ ಮುಚ್ಚಿಹೋಗೋದು ಒಂದು ಕಡೆ, ದೊಡ್ಡವರೂ ಸೇವೆ ನಿಲ್ಲಿಸ್ತಾರೆ. ಗೂಗಲ್‌ನ ಐಒಟಿ ಕೋರ್ ಸೇವೆ 2023ರ ಆಗಸ್ಟ್ 16ಕ್ಕೆ ಮುಗೀತು, ಅದನ್ನು ನಂಬಿದ್ದವರೆಲ್ಲ ತಮ್ಮ ಸಾಧನಗಳನ್ನು ಬೇರೆ ಕಡೆ ಸಾಗಿಸಬೇಕಾಯ್ತು.

ಅದಕ್ಕೇ ಎಂಕ್ಯೂಟಿಟಿ (ಸಾಧನಗಳು ಸರ್ವರ್‌ಗೆ ಸುದ್ದಿ ಕಳಿಸೋ ಭಾಷೆ) ಮಾತಾಡೋ ಪೆಟ್ಟಿಗೆ ಕೇಳಿ ತಗೊಳ್ಳಿ. 1999ರಲ್ಲಿ ತೈಲದ ಪೈಪ್‌ಲೈನ್‌ಗಳ ಸುದ್ದಿಯನ್ನು ಉಪಗ್ರಹದ ಮೂಲಕ ಕಳಿಸೋಕೆ ಅಂತ ಮಾಡಿದ್ದು ಅದು. ಕಡಿಮೆ ಡೇಟಾ, ಕೆಟ್ಟ ನೆಟ್‌ವರ್ಕ್ ಎರಡಕ್ಕೂ ಹೊಂದುತ್ತೆ. ಯಾವ ಸರ್ವರ್‌ಗಾದರೂ ತಿರುಗಿಸಬಹುದು. ಅದರಲ್ಲಿ ‘ಕೊನೆಯ ಮಾತು’ ಅನ್ನೋ ಸೌಲಭ್ಯ ಇದೆ. ಪೆಟ್ಟಿಗೆ ಹೇಳದೆ ಕೇಳದೆ ಸಂಪರ್ಕ ಕಳ್ಕೊಂಡರೆ ಸರ್ವರ್ ತಾನಾಗೇ ಆ ಸುದ್ದಿ ಎಲ್ಲರಿಗೂ ಕೊಡುತ್ತೆ. ಇದನ್ನು ಖಂಡಿತ ಹಾಕಿಸಿ. ಇಲ್ಲದಿದ್ದರೆ ಪೆಟ್ಟಿಗೆ ಸತ್ತು ಎರಡು ದಿನ ಆದರೂ ತೆರೆ ಮೇಲೆ ಹಳೇ ಅಂಕಿಯೇ ಕೂತಿರುತ್ತೆ, ನೋಡಿದವರು ಎಲ್ಲ ಸರಿಯಿದೆ ಅಂದ್ಕೊಳ್ತಾರೆ.

ಸಿಮ್ ವಿಷಯ: ಹಳೇ 2ಜಿ ಮೋಡೆಮ್ ಇರೋ ಅಗ್ಗದ ಪೆಟ್ಟಿಗೆ ಬೇಡ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. 4ಜಿ ಇರೋದೇ ತಗೊಂಡು, ಆಂಟೆನಾ ಪತ್ರಾಸಿನ ಹೊರಗೆ ಹಾಕಿಸಿ. ಸಂಪರ್ಕ ಹೋದ ಹೊತ್ತಿನ ಡೇಟಾ ಪೆಟ್ಟಿಗೆಯೊಳಗೇ ಉಳಿದು, ಆಮೇಲೆ ಅದೇ ಸಮಯದ ಮುದ್ರೆ ಹೊತ್ತು ಹೋಗಬೇಕು. ಗಡಿಯಾರ ಜಾಗತಿಕ ಸಮಯದಲ್ಲಿದ್ದರೆ ಐದೂವರೆ ಗಂಟೆ ಹಿಂದೆ ತೋರಿಸಿ ರಾತ್ರಿ ಪಾಳಿಯ ಲೆಕ್ಕ ಸಂಜೆ ಪಾಳಿಗೆ ಸೇರಿಬಿಡುತ್ತೆ, ಅದನ್ನೂ ಒಮ್ಮೆ ನೋಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಶರಣ್ರಿ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಇನ್ನೊಂದು ಕೇಳ್ತೀನಿ. ಮೊಬೈಲಿಂದಲೇ ಮಷೀನ್ ಚಾಲೂ-ಬಂದ್ ಮಾಡೋದೂ ಕೊಡ್ತೀವಿ ಅಂತ ಕಂಪನಿಯವರು ಹೇಳ್ಯಾರ. ಮನ್ಯಾಗ ಕುಂತು ಚಾಲೂ ಮಾಡಬಹುದು ಅಂದ್ರ ಅನುಕೂಲನೇ ಅಲ್ಲೇನ್ರಿ? ಮತ್ತ ಕಂಪ್ರೆಸರ್ ಬಿಲ್ ಭಾಳ ಬರ್ತದ, ಅದಕ್ಕೇನರೆ ಇದರಿಂದ ಉಪಯೋಗ ಅದ ಏನು?

ಉತ್ತರ: ಸುರಕ್ಷತಾ ವಿಭಾಗದವರು, ಕಡೇಚೂರು, ಯಾದಗಿರಿ

ಸರ್, ಬಂದ್ ಮಾಡುವುದು ಬೇಕಾದರೆ ಇರಲಿ. ಚಾಲೂ ಮಾಡುವುದು ದಯವಿಟ್ಟು ಬೇಡ. ಫಿಟ್ಟರ್ ಎಲಿವೇಟರ್ ಬೂಟಿನೊಳಗೆ ಕೈ ಹಾಕಿ ಕಾಳು ತೆಗೆಯುತ್ತಿರುವಾಗ ಮನೆಯಿಂದ ಯಾರೋ ಗುಂಡಿ ಒತ್ತಿದರೆ ಆ ಕೈ ಉಳಿಯುವುದಿಲ್ಲ. ಮಷೀನ್ ಮುಂದೆ ನಿಂತು ಸುತ್ತ ನೋಡಿದವನೇ ಚಾಲೂ ಮಾಡಬೇಕು. ರಿಪೇರಿಗೆ ಇಳಿಯುವವನು ಐಸೊಲೇಟರ್ (ಮಷೀನಿನ ಮುಖ್ಯ ಸ್ವಿಚ್) ಇಳಿಸಿ, ತನ್ನ ಬೀಗ ಹಾಕಿ, ಕೀಲಿ ತನ್ನ ಕಿಸೆಯಲ್ಲೇ ಇಟ್ಟುಕೊಳ್ಳಬೇಕು. ಆಪ್ ಬಂದರೂ ಈ ಪದ್ಧತಿ ಬಿಡಬೇಡಿ.

ಇನ್ನು ಜಾಗ. ನಮ್ಮ ಕಡೆ ಔಷಧ ಕಾರ್ಖಾನೆಗಳಲ್ಲಿ ಸಾಲ್ವೆಂಟ್ ಆವಿ ಇರುವ ಜಾಗಕ್ಕೆ ಸಾಮಾನ್ಯ ಸೆನ್ಸರ್, ಮೊಬೈಲ್ ಎರಡೂ ಒಯ್ಯುವಂತಿಲ್ಲ, ಫ್ಲೇಮ್‌ಪ್ರೂಫ್ ಪ್ರಮಾಣಪತ್ರ ಇರುವ ಸಾಧನವೇ ಬೇಕು. ನಿಮ್ಮ ಬೇಳೆ ಧೂಳೂ ಉರಿಯುವ ವಸ್ತುವೇ. ಪೆಟ್ಟಿಗೆಯ ಮೇಲೆ ಐಪಿ65 ಎಂದು ಬರೆದಿದ್ದರೆ ಧೂಳು, ನೀರು ಒಳಗೆ ಹೋಗುವುದಿಲ್ಲ ಎಂದಷ್ಟೇ ಅರ್ಥ, ಕಿಡಿಯಿಂದ ರಕ್ಷಣೆ ಇದೆ ಎಂದಲ್ಲ. ಎಲಿವೇಟರ್ ಒಳಗೆ, ಧೂಳು ಬೇರ್ಪಡಿಸುವ ಸೈಕ್ಲೋನ್ ಒಳಗೆ ಯಾವ ಸೆನ್ಸರ್ ಇಡುವುದಾದರೂ ಧೂಳಿನ ಜಾಗಕ್ಕೆ ಪ್ರಮಾಣೀಕರಿಸಿದ್ದೇ ಎಂದು ಕೇಳಿ.

ಇಂಟರ್ನೆಟ್ ಬಗ್ಗೆ ಒಂದೇ ಮಾತು. ಇಂಥ ಮೀಟರ್‌ಗಳು ಅಂಕಿ ಕಳಿಸುವ ಭಾಷೆ ಮಾಡ್‌ಬಸ್ 1979ರದ್ದು, ಅದರಲ್ಲಿ ಪಾಸ್‌ವರ್ಡ್ ಇಲ್ಲ, ತಲುಪಿದವರೆಲ್ಲ ಓದಬಹುದು, ಬರೆಯಬಹುದು. ರೂಟರ್‌ನಲ್ಲಿ ಮಾಡ್‌ಬಸ್‌ನ ದಾರಿಯಾದ 502ನೇ ಪೋರ್ಟ್ ಹೊರಗೆ ತೆರೆದುಕೊಡುವವರನ್ನು ನೋಡಿದ್ದೇನೆ. ಅದು ಮಿಲ್ಲಿನ ಬಾಗಿಲನ್ನು ರಸ್ತೆಗೆ ತೆರೆದಿಟ್ಟಂತೆ. ಪೆಟ್ಟಿಗೆ ಒಳಗಿನಿಂದ ಹೊರಗೆ ಸಂಪರ್ಕ ಮಾಡಲಿ, ಹೊರಗಿನಿಂದ ಒಳಗೆ ದಾರಿ ಬೇಡ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಾಯಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್‌ಗಳನ್ನು ಹಿಡಿದದ್ದು ಬದಲಾಯಿಸದ ಪಾಸ್‌ವರ್ಡ್‌ಗಳಿಂದಲೇ.

ಉತ್ತರ: ಮಿಲ್ ಲೆಕ್ಕಪತ್ರ ನೋಡುವವರು, ಯಾದಗಿರಿ

ಅಣ್ಣಾರ, ನಮ್ಮ ಮಿಲ್‌ದಾಗ ಅಲಾರಂ ಎಲ್ಲಾ ವಾಟ್ಸಾಪ್ ಗ್ರೂಪಿಗಿ ಬರೋ ಹಂಗ ಮಾಡಿದ್ರು. ವೋಲ್ಟೇಜ್ ಸ್ವಲ್ಪ ಏರಿಳಿದ್ರೂ ಮೆಸೇಜ್. ಹದಿನೈದು ದಿನದಾಗ ಎಲ್ಲರೂ ಗ್ರೂಪ್ ಮ್ಯೂಟ್ ಮಾಡಿದ್ರು. ಈಗ ಎರಡೇ ವಿಷಯಕ್ಕ ಫೋನ್ ರಿಂಗ್ ಆಗ್ತದ: ಎಲಿವೇಟರ್ ವೇಗ, ಬೇರಿಂಗ್ ಬಿಸಿ. ಪಾಳಿ ಆಪರೇಟರ್ ಎತ್ತದಿದ್ರ ಸೂಪರ್‌ವೈಸರ್‌ಗಿ, ಅವರೂ ಎತ್ತದಿದ್ರ ಮಾಲೀಕರಿಗಿ. ಉಳಿದದ್ದೆಲ್ಲಾ ಬೆಳಿಗ್ಗೆ ಒಂದು ಪಟ್ಟಿ. ಅಂಕಿ ಗೆರಿ ದಾಟಿ ಅರ್ಧ ನಿಮಿಷ ಅಲ್ಲೇ ನಿಂತ್ರ ಮಾತ್ರ ಅಲಾರಂ, ಚಾಲೂ ಮಾಡಿದ ಮೊದಲ ಕ್ಷಣದ ಏರಿಕಿ ಲೆಕ್ಕಕ್ಕಿಲ್ಲ. ರಾತ್ರಿ ಪಾಳಿ ಹುಡುಗರು ಹಿಂದಿಯವರಿದ್ರ ಮೆಸೇಜ್ ಹಿಂದಿಯೊಳಗೇ ಇರಲಿ. ‘ಟಿ4 ಹೈ’ ಅಂತ ಬರೋದು ಬ್ಯಾಡ, ‘ಎರಡನೇ ಎಲಿವೇಟರ್ ಮ್ಯಾಲಿನ ಬೇರಿಂಗ್ ಕಾಯ್ದದ, ಕಾಳು ಬಿಡೋದು ನಿಲ್ಲಿಸು’ ಅಂತ ಇರಬೇಕು.

ಜೆಸ್ಕಾಂ ಬಿಲ್ಲಿನಾಗ ಮಂಜೂರಾದ ಡಿಮ್ಯಾಂಡ್ ಮೀರಿದ್ದಕ್ಕ, ಪವರ್ ಫ್ಯಾಕ್ಟರ್ ಇಳಿದದ್ದಕ್ಕ ಎಷ್ಟು ದಂಡ ಬಿದ್ದದ ಅಂತ ಹಳೇ ಬಿಲ್ ತೆಗದು ನೋಡ್ರಿ. ಪವರ್ ಫ್ಯಾಕ್ಟರ್ ಸರಿ ಇಡೋ ಕೆಪಾಸಿಟರ್ ಒಂದು ಸತ್ತಿದ್ದು ನಮಗ ಮೀಟರ್ ಗ್ರಾಫಿನಾಗ ಮರುದಿನವೇ ಕಾಣಿಸ್ತು, ಮೊದಲಾಗಿದ್ರ ತಿಂಗಳ ಬಿಲ್ ಬರೋತನಕ ಕಾಯಬೇಕಿತ್ತು.

ಉತ್ತರ: ನಂದೂರು-ಕೆಸರಟಗಿಯವರು ಮತ್ತೆ

ಕಂಪ್ರೆಸರ್ ಕೇಳಿದ್ರಲ್ಲ. ಸಾರ್ಟೆಕ್ಸ್ ನಿಂತಾಗ, ಅಂದ್ರ ಗಾಳಿ ಯಾರೂ ಬಳಸಲಾರದ ಹೊತ್ತಿನಾಗ, ಕಂಪ್ರೆಸರ್ ಚಾಲೂ ಬಿಟ್ಟು ಆಂಪಿಯರ್ ಗ್ರಾಫ್ ನೋಡ್ರಿ. ಎರಡು ನಿಮಿಷ ಲೋಡ್ (ಗಾಳಿ ತುಂಬೋದು), ಎಂಟು ನಿಮಿಷ ಅನ್‌ಲೋಡ್ (ಖಾಲಿ ತಿರುಗೋದು) ಆದ್ರ ಕಂಪ್ರೆಸರ್ ಕೊಡಬಲ್ಲ ಗಾಳಿಯ ಶೇ 20 ಪೈಪಿನ ಜೋಡಣಿಯಾಗೇ ಸೋರ್ತದ. ಸೋಪಿನ ನೀರು ಹಚ್ಚಿ ಹುಡುಕ್ರಿ. ಪ್ರೆಶರ್ ಸಾಲಂಗಿಲ್ಲ ಅಂತ ಸೆಟ್ಟಿಂಗ್ ಏರಿಸೋದು ಬ್ಯಾಡ, ಒಂದು ಬಾರ್ ಏರಿಸಿದ್ರ ಕರೆಂಟ್ ಶೇ 6–7 ಜಾಸ್ತಿ ತಿಂತದ. ನಿಮ್ಮ ಮಿಲ್‌ದಾಗ ಎಲ್ಲಕ್ಕಿಂತ ಮೊದಲು ರೊಕ್ಕ ಉಳಿಸೋ ಗ್ರಾಫ್ ಇದೇ ಆಗ್ತದ ಅಂತ ನನ್ನ ಅಭಿಪ್ರಾಯ.

ಪೆಟ್ಟಿಗಿ ಎಲ್ಲಿ ಇಡ್ತೀರಿ ಅನ್ನೋದೂ ನೋಡ್ರಿ. ಡ್ರೈಯರ್ ಕಡಿ, ಪಶ್ಚಿಮದ ಬಿಸಿಲು ಬೀಳೋ ಗ್ವಾಡಿ ಬ್ಯಾಡ. ಒಳಗಿನ ಎಲೆಕ್ಟ್ರಾನಿಕ್ಸ್ 50 ಡಿಗ್ರಿಗಷ್ಟೇ ಅಂತ ಬರೆದಿದ್ರ ನಮ್ಮ ಬ್ಯಾಸಗಿ ತಡಿಯಂಗಿಲ್ಲ, 70–85ರ ಇಂಡಸ್ಟ್ರಿಯಲ್ ದರ್ಜಿ ಕೇಳ್ರಿ. ಮಳಿ ಶುರುವಾಗೋ ಹೊತ್ತಿಗಿ ಸಿಡಿಲು ಜಾಸ್ತಿ, ಪವರ್ ವಯರಿಗಿ, ಆರ್‌ಎಸ್-485 ವಯರಿಗಿ ಎರಡಕ್ಕೂ ಸರ್ಜ್ ಪ್ರೊಟೆಕ್ಟರ್ ಇರಲಿ, ಅರ್ಥಿಂಗ್ ಅಳತಿ ಮಾಡಿಸಿ ನೋಡ್ರಿ. ತಿಂಗಳಿಗೊಮ್ಮೆ ವೇಗದ, ಬೇರಿಂಗಿನ ಸೆನ್ಸರಿನ ವಯರ್ (ಸಿಟಿದಲ್ಲ) ಬೇಕಂತಲೇ ಬಿಚ್ಚಿ, ಫೋನ್ ಬರ್ತದೋ ಇಲ್ಲೋ ನೋಡ್ರಿ.

ಕಂಪನಿಯವರಿಗಿ ಹೀಂಗ ಹೇಳ್ರಿ: ಎಲಿವೇಟರ್‌ಗಳ ವೇಗ ಮತ್ತ ಬೇರಿಂಗ್, ಮುಖ್ಯ ಮೀಟರ್, ಕಂಪ್ರೆಸರ್, ಇಷ್ಟಕ್ಕೇ ಮೊದಲು ದರ ಕೊಡ್ರಿ. ಹೊಸಾ ತೊಗರಿ ಬರೋದರೊಳಗ ಕೂಡಿಸಿ ಒಂದು ಸೀಸನ್ ಓಡಿಸಿ, ಆಮ್ಯಾಲ ಮುಂದಿನ ಮಾತು. ಅದಕ್ಕಿಂತ ಮೊದಲು ನಿಮ್ಮ ಪ್ಯಾನಲ್ ಮೀಟರಿನ ಹಿಂದ ಎ, ಬಿ ಅಂತ ಎರಡು ಟರ್ಮಿನಲ್ ಅವ ಏನು ನೋಡ್ರಿ, ಮಾಡೆಲ್ ನಂಬರ್ ಇಲ್ಲಿ ಹಾಕ್ರಿ. ಮೀಟರಿನ ಯಾವ ರಿಜಿಸ್ಟರಿನಾಗ (ಅಂಕಿ ಇಡೋ ಖಾನಿ) ಯಾವ ಅಂಕಿ ಅದ ಅಂತ ಮ್ಯಾನುಯಲ್ ನೋಡಿ ನಾ ಬರೆದು ಕೊಡ್ತೀನಿ.