ವಿರಾಜಪೇಟೆ ಕಡೆ ಮತಗಟ್ಟೆಯಲ್ಲಿ ಜೊತೆಗಾರರ ಜಗಳ: ನಿಯಮ ಏನು?

ಕಾವೇರಿತೀರ: ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆ) ನಾಲ್ಕೈದು ವೃದ್ಧರಿಗೆ ತೋಟದ ರೈಟರ್ (ಲೆಕ್ಕ ಬರೆಯುವವರು) ಒಬ್ಬರೇ ಜೊತೆಗಾರರಾಗಿ ಒಳಗೆ ಹೋಗಿ ಬಟನ್ ಒತ್ತಿಸಬಹುದಾ? ಓದು ಬರಲ್ಲ ಅನ್ನೋದೇ ಕಾರಣ. ಅಭ್ಯರ್ಥಿಗಳ ಏಜೆಂಟರು ಗಲಾಟೆ ಮಾಡಿದರೆ ಯಾರ ಮಾತು ನಡೆಯುತ್ತೆ?

ಮತಗಟ್ಟೆ_ಮೇಷ್ಟ್ರು: ಸಾಧ್ಯವೇ ಇಲ್ಲ. 1961ರ ಚುನಾವಣಾ ನಿಯಮಗಳ 49ಎನ್ ಪ್ರಕಾರ, ಒಂದು ದಿನ ಒಬ್ಬರು ಒಬ್ಬ ಮತದಾರರಿಗೆ ಮಾತ್ರ ಜೊತೆಗಾರ. ಬೇರೆ ಬೂತಿಗೆ ಹೋದರೂ ಅಷ್ಟೇ. ವಯಸ್ಸು 18 ತುಂಬಿರಬೇಕು. ಮತದ ಗುಟ್ಟು ಕಾಯುತ್ತೇನೆ, ಇವತ್ತು ಬೇರೆ ಯಾರಿಗೂ ಜೊತೆಗಾರ ಆಗಿಲ್ಲ ಅಂತ ಘೋಷಣೆಗೆ ಸಹಿ ಹಾಕಬೇಕು. ಹೆಸರು ನಮೂನೆ 14ಎಯಲ್ಲಿ ದಾಖಲಾಗುತ್ತೆ.

ಓದು ಬರಲ್ಲ ಅನ್ನೋದು ಕಾರಣವೇ ಅಲ್ಲ. ಕಣ್ಣು ಕಾಣದೆ ಚಿಹ್ನೆ ಗುರುತಿಸಲಾಗದವರು, ದೈಹಿಕ ದೌರ್ಬಲ್ಯದಿಂದ ಬಟನ್ ಒತ್ತಲಾಗದವರಿಗಷ್ಟೇ ಈ ಸೌಲಭ್ಯ. ತೀರ್ಮಾನ ಮತಗಟ್ಟೆಯ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿಯದು, ಏಜೆಂಟರದ್ದಲ್ಲ. ಮತಗಟ್ಟೆ ಸಿಬ್ಬಂದಿ ಜೊತೆಗಾರರಾಗುವಂತಿಲ್ಲ.

ಕೊಡಗಿನಹುಡುಗಿ: ನಡೆಯೋಕೆ ಕಷ್ಟ, ಆದರೆ ಬೆರಳು ಆಡುತ್ತೆ ಅಂದರೆ ಜೊತೆಗಾರ ಮತದಾನದ ಮರೆಯವರೆಗೆ ಮಾತ್ರ ಬರಬಹುದು, ಒಳಗಲ್ಲ. ಜಗಳ ಹುಟ್ಟೋದು ಇಲ್ಲೇ. ಕಣ್ಣು ಕಾಣದವರಿಗೂ ತಾವೇ ಒತ್ತುವ ಆಸೆ ಇದ್ದರೆ, ನೀಲಿ ಬಟನ್ ಪಕ್ಕದಲ್ಲೇ ಬ್ರೈಲ್ ಅಂಕಿ ಇದೆ. ಆ ಹಕ್ಕನ್ನು ಮನೆಯವರೂ ಕಿತ್ತುಕೊಳ್ಳಬಾರದು.

ಮತಗಟ್ಟೆ_ಮೇಷ್ಟ್ರು: ನಿಜ. ಇನ್ನೊಂದು ಮಾತು: 85 ದಾಟಿದವರು, 40% ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರು 12ಡಿ ನಮೂನೆ ತುಂಬಿ ಮನೆಯಿಂದಲೇ ಮತ ಹಾಕಬಹುದು. ಚುನಾವಣೆಯ ಅಧಿಸೂಚನೆ ಹೊರಬಿದ್ದ ಐದು ದಿನದೊಳಗೆ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಕೈಗೆ ಕೊಡಿ. ತಡವಾದರೆ ಬೂತಿಗೇ ಬರಬೇಕು.