ಮೊಲದ ಕಿವಿಯೊಳಗೆ ಕಂದು ಹಕ್ಕಳೆ: ಅನುಭವ ಇದ್ದವರು ಹೇಳಿ

ತುಮಕೂರಿನಿಂದ ಕೇಳಿದ್ದು:
ನಮ್ಮ ಎರಡು ವರ್ಷದ ಬಿಳಿ ಮೊಲ ನಾಲ್ಕು ದಿನದಿಂದ ತಲೆ ಕೊಡವುತ್ತಿದೆ. ಹಿಂಗಾಲಲ್ಲಿ ಬಲಗಿವಿ ಕೆರೆಯುತ್ತಲೇ ಇರುತ್ತದೆ. ಒಳಗೆ ಕಂದು ಬಣ್ಣದ ಹಕ್ಕಳೆ ಕಟ್ಟಿದೆ. ಬಡ್ಸ್ ಹಾಕಿ ತೆಗೆಯಬಹುದಾ? ಅಮ್ಮ ಬೇವಿನೆಣ್ಣೆ ಬಿಡು ಅಂತಾರೆ. ನಾಯಿಯ ಕಿವಿಗೆ ತಂದ ಡ್ರಾಪ್ಸ್ ಕೂಡ ಮನೆಯಲ್ಲಿದೆ. ಜೊತೆಗೆ ಇನ್ನೊಂದು ಮೊಲ ಇದೆ, ಅದು ಆರಾಮಾಗಿದೆ.

ಮೈಸೂರಿನಿಂದ:
ದಯವಿಟ್ಟು ಬಡ್ಸ್ ಹಾಕಬೇಡಿ. ನೀವು ಹೇಳುತ್ತಿರುವುದು ಕಿವಿ ನುಸಿ (ಕಿವಿಯೊಳಗೆ ಸೇರುವ ತೀರಾ ಸಣ್ಣ ಹುಳ) ಇದ್ದ ಹಾಗಿದೆ. ನಮ್ಮ ಮೊಲಕ್ಕೆ ಬಂದಾಗ ಒದ್ದೆ ಅವಲಕ್ಕಿಯನ್ನು ಒಂದರ ಮೇಲೊಂದು ಒತ್ತಿಟ್ಟ ಹಾಗೆ ಹಕ್ಕಳೆ ಕಟ್ಟಿತ್ತು. ಗಲೀಜು ಅಂದುಕೊಂಡು ಒಂದು ಚೂರು ಎಳೆದೆ. ಕೆಳಗೆ ಹಸಿ ಗಾಯ, ರಕ್ತ. ಮೊಲ ಕಿರುಚಿತು. ಮೊಲ ಕಿರುಚುವುದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಎರಡು ವಾರ ನನ್ನ ಕೈ ಕಂಡರೆ ಮೂಲೆ ಸೇರುತ್ತಿತ್ತು.

ಡಾಕ್ಟರ್ ಹಕ್ಕಳೆ ಕೀಳಲೇ ಇಲ್ಲ. ಉದುರಿದ ಒಂದು ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ನುಸಿ ಅಂತ ಖಾತ್ರಿ ಮಾಡಿದರು. ತೂಕ ನೋಡಿ ಐವರ್ಮೆಕ್ಟಿನ್ ಇಂಜೆಕ್ಷನ್ ಕೊಟ್ಟರು. 14 ದಿನ ಬಿಟ್ಟು ಇನ್ನೊಂದು. ಈ ಔಷಧಿಗೆ ಹುಳ ಸಾಯುತ್ತದೆ, ಮೊಟ್ಟೆ ಉಳಿಯುತ್ತದೆ. ಮೊಟ್ಟೆ ಒಡೆದು, ಬೆಳೆದು, ಮತ್ತೆ ಮೊಟ್ಟೆ ಇಡುವ ಹೊತ್ತಿಗೆ ಸುಮಾರು 3 ವಾರ. ಕೆರೆತ ನಿಂತಿತು ಅಂತ ಒಂದೇ ಡೋಸಿಗೆ ಬಿಟ್ಟರೆ ಮತ್ತೆ ಶುರುವಾಗುತ್ತದೆ. ನಮ್ಮದಕ್ಕೆ ಹತ್ತು ಹನ್ನೆರಡು ದಿನದಲ್ಲಿ ಹಕ್ಕಳೆ ಒಣಗಿ ತಾನಾಗಿ ಉದುರಿತು. ಒಳಗೆ ತೆಳ್ಳಗೆ ಗುಲಾಬಿ ಚರ್ಮ ಬಂದಿತ್ತು.

ಬೇವಿನೆಣ್ಣೆ ಬೇಡ. ಮೊಲ ಕಾಲಿಂದ ಕಿವಿ ಒರೆಸಿ ಅದೇ ಕಾಲು ನೆಕ್ಕುತ್ತದೆ, ಎಲ್ಲ ಹೊಟ್ಟೆಗೆ ಹೋಗುತ್ತದೆ. ನಾಯಿ ಡ್ರಾಪ್ಸ್ ಕೂಡ ಕೇಳದೆ ಹಾಕಬೇಡಿ, ಕಿವಿ ತಮಟೆ ತೂತಾಗಿದ್ದರೆ ಅಪಾಯ. ಎಲ್ಲಕ್ಕಿಂತ ಮುಖ್ಯ: ನಾಯಿಗೆ ಹತ್ತಿದ ಉಣ್ಣೆ ಹುಳ ಹೋಗಲಿ ಅಂತ ಕುತ್ತಿಗೆ ಮೇಲೆ ಬಿಡುವ ಔಷಧಿಯಲ್ಲಿ ಫಿಪ್ರೋನಿಲ್ ಇದ್ದರೆ ಮೊಲದ ಹತ್ತಿರವೂ ತರಬೇಡಿ. ಅದರಿಂದ ಮೊಲ ಸಾಯಬಹುದು.

ಬೆಂಗಳೂರಿನಿಂದ:
ಮೇಲೆ ಹೇಳಿದ್ದೆಲ್ಲ ಸರಿ. ನಮ್ಮದು ಬೇರೆ ಥರ, ಅದನ್ನೂ ತಿಳಿದಿರಿ. ನಮ್ಮದು ಜೋಲುಕಿವಿ ಮೊಲ. ಇವಕ್ಕೆ ಕಿವಿ ಮಡಚಿಕೊಂಡಿರುವುದರಿಂದ ಗಾಳಿ ಆಡುವುದಿಲ್ಲ, ಒಳಗೆ ಕೀವು ಜಾಸ್ತಿ. ಹೊರಗೆ ಹಕ್ಕಳೆ ಏನೂ ಇರಲಿಲ್ಲ. ಕಿವಿ ಬುಡದಲ್ಲಿ ಒಂದು ಗಟ್ಟಿ ಉಬ್ಬು, ಮುಟ್ಟಿದರೆ ತಲೆ ಎಳೆದುಕೊಳ್ಳುತ್ತಿತ್ತು. ನಾನು ಒಂದು ವಾರ ಸುಮ್ನೆ ಇದ್ದೆ. ಒಂದು ಬೆಳಿಗ್ಗೆ ತಲೆ ಒಂದು ಕಡೆ ವಾಲಿತ್ತು, ಕಣ್ಣುಗುಡ್ಡೆ ಅತ್ತಿತ್ತ ಆಡುತ್ತಿತ್ತು, ನಿಲ್ಲಲು ಹೋಗಿ ಉರುಳುತ್ತಿತ್ತು. ಸೋಂಕು ಒಳಗಿವಿಗೆ ಇಳಿದಿತ್ತು. ಮೊಲದ ಕೀವು ಟೂತ್‌ಪೇಸ್ಟ್ ಥರ ಗಟ್ಟಿ, ಸುಲಭವಾಗಿ ಹರಿದು ಬರುವುದಿಲ್ಲ. ವಾಸಿಯಾಗಲು ವಾರಗಟ್ಟಲೆ ಬೇಕಾಯಿತು. ಇವತ್ತಿಗೂ ತಲೆ ಸ್ವಲ್ಪ ವಾಲಿಯೇ ಇದೆ. ಆದರೂ ಕೊತ್ತಂಬರಿ ಕಟ್ಟು ಬಿಚ್ಚಿದ ಸದ್ದಿಗೆ ಓಡಿ ಬರುತ್ತದೆ.

ತಲೆ ವಾಲಲು ಮೆದುಳಿಗೆ ತಗಲುವ ಒಂದು ಪರಾವಲಂಬಿಯೂ ಕಾರಣ ಇರಬಹುದು, ಅದರ ಮದ್ದೇ ಬೇರೆ. ಹಾಗಾಗಿ ಊಹೆ ಮಾಡುತ್ತ ಕೂರಬೇಡಿ. ಆ್ಯಂಟಿಬಯೋಟಿಕ್ ಬರೆದರೆ ಬಾಯಿಗೆ ಕೊಡುವ ಅಮಾಕ್ಸಿಸಿಲಿನ್ ಅಲ್ಲ ತಾನೇ ಅಂತ ಕೇಳಿ. ಅದು ಮೊಲದ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಹಾಳುಮಾಡುತ್ತದೆ. ನಾಯಿ ಬೆಕ್ಕು ಮಾತ್ರ ನೋಡುವ ಒಬ್ಬರು ನಮಗೆ ಅದನ್ನೇ ಬರೆದಿದ್ದರು. ಪುಣ್ಯಕ್ಕೆ ಕೊಡುವ ಮೊದಲು ಇನ್ನೊಬ್ಬರನ್ನು ಕೇಳಿದೆ.

ಹಾಸನದಿಂದ:
ಆರಾಮಾಗಿರುವ ಮೊಲಕ್ಕೂ ಮದ್ದು ಹಾಕಿಸಿ. ನುಸಿ ಮೈ ಬಿಟ್ಟು ಹೊರಗೂ ಸುಮಾರು 3 ವಾರದವರೆಗೆ ಬದುಕಬಲ್ಲದು. ಹಳೇ ಹುಲ್ಲು, ಗೋಣಿ ಸುಟ್ಟುಹಾಕಿ. ಗೂಡು ಬಿಸಿನೀರಲ್ಲಿ ತೊಳೆದು ಬಿಸಿಲಿಗಿಡಿ. ಕಿವಿ ಹಿಡಿದು ಎತ್ತಬೇಡಿ, ಎದೆ ಮತ್ತು ಹಿಂಭಾಗಕ್ಕೆ ಕೈ ಕೊಟ್ಟು ಎತ್ತಿ. ಮೇವು ತಿನ್ನುತ್ತಿದೆಯಾ? ಹಿಕ್ಕೆ ಮೊದಲಿನಷ್ಟೇ ಬೀಳುತ್ತಿದೆಯಾ? ಅರ್ಧ ದಿನ ತಿನ್ನದಿದ್ದರೆ ಕಿವಿಗಿಂತ ಹೊಟ್ಟೆಯೇ ಮೊದಲು ಕೈಕೊಡುತ್ತದೆ.

ತುಮಕೂರಿನಿಂದ ಮತ್ತೆ:
ಹುಲ್ಲು ತಿನ್ನುತ್ತಿದೆ, ಹಿಕ್ಕೆ ಸ್ವಲ್ಪ ಸಣ್ಣದಾಗಿದೆ. ಇವತ್ತು ಎರಡಕ್ಕೂ ಇಂಜೆಕ್ಷನ್ ಆಯಿತು. ನುಸಿಯೇ ಅಂದರು. ಮುಂದಿನ ಡೋಸಿನ ತಾರೀಕು ಕ್ಯಾಲೆಂಡರಿನಲ್ಲಿ ಅಮ್ಮನೇ ಬರೆದಿದ್ದಾರೆ.